ಅರ್ಧ ಲೀಟರಿನಾಗ ಒಂದು ಹೊಳಿ

ಮೊದ್ಲ ಹೇಳಿಬಿಡ್ತೇನಿ, ನಾ ದೊಡ್ಡ ಭಕ್ತಿವಂತಳೇನಲ್ಲ. ಭಾಲ್ಕಿಯಾಗ ಜಂಪರ್ ಹೊಲಿಯೂ ಹೆಂಗಸು. ಐತವಾರ ಚರ್ಚಿಗೆ ಹೋಗ್ತೇನಿ, ಹಿಂದಿನ ಸಾಲಿನ್ಯಾಗ ಕೂಡ್ತೇನಿ, ಪ್ರಸಂಗ ಉದ್ದ ಆದ್ರ ಮುಂದ ಕುಂತಾಕಿಯ ಜಂಪರಿನ ಕಟಿಂಗ್ ನೋಡ್ಕೋತ ಇರ್ತೇನಿ. ಅಂಥಾಕಿ ಸ್ವರ್ಗದ ಬಗ್ಗೆ ಬರೀಲಿಕ್ಕ ಕುಂತೀನಿ ಅಂದ್ರ ನಮ್ಮ ಅತ್ತಿನ ನಗ್ತಾಳ. ನಗಲಿ ಬಿಡ್ರಿ. ಬಾಯಾರಿಕಿ ಅಂದ್ರ ಏನು ಅಂತ ಗೊತ್ತಿಲ್ಲದವರಿಗೆ ನಾ ಬರೀಲಿಕ್ಕತ್ತಿಲ್ಲ.

ನನಗ ದಿನಕ್ಕ ಅರ್ಧ ಲೀಟರ್ ನೀರು. ಅದರಾಗ ಚಾ ಬಂತು, ಸಾರು ಬಂತು, ಗುಳಿಗಿ ನುಂಗೂ ನೀರೂ ಬಂತು. ಮುಂಜಾನಿ ಒಂದು ಬಾಟ್ಲಿ ತುಂಬಿ ಇಟ್ಟುಕೋತೇನಿ, ದಿನಾ ಅದರ ಕಡೆನ ಕಣ್ಣು. ಬೀದರದ ಬ್ಯಾಸಗಿ ನಿಮಗ ಗೊತ್ತಿದ್ರ ಹೇಳೂದು ಬ್ಯಾಡ. ಮೇ ತಿಂಗಳಾಗ ನಾಲಗಿ ಬಾಯಿ ಅಂಗಳಕ್ಕ ಅಂಟ್ಕೊಂಡು ಮಾತು ಹೊರಡಂಗಿಲ್ಲ. ಮಂದಿ ನೀರು ಕುಡಿಯೂ ಗಟಗಟ ಸಪ್ಪಳ ಕೇಳಿದ್ರ ಎದ್ದು ಹೋಗಬೇಕು ಅನಸ್ತದ. ಒಮ್ಮೊಮ್ಮಿ ಹೊಡೀಬೇಕು ಅಂತನೂ ಅನಸ್ತದ. ಖರೆನ ಹೇಳ್ತೇನಿ.

ಮೂರು ವರ್ಷದ ಹಿಂದ, ಕ್ರಿಸ್ಮಸ್ ಹೊಲಿಗಿ ಭರಾಟಿಯಾಗ ನನ್ನ ಕಾಲು ಬಾತವು. ಚಪ್ಪಲಿ ಹಿಡೀಲಿಲ್ಲ, ಬರೀ ಕಾಲಿಲೆ ಪೆಡಲ್ ತುಳದೆ. "ಕುಂತು ಕುಂತು ಬಾತಾವ, ಉಪ್ಪಿನ ನೀರಾಗ ಇಡು" ಅಂದಳು ನಮ್ಮ ಅತ್ತಿ. ಇಟ್ಟೆ. ಮಾರಿನೂ ಬಾತಿತು. ಕನ್ನಡಿಯಾಗ ನೋಡಿ ದಪ್ಪ ಆಗೀನಿ ಅಂತ ಖುಷಿ ಪಟ್ಟೆ ನೋಡ್ರಿ, ಎಂಥಾ ಹುಚ್ಚಿ ನಾನು! ಹಬ್ಬ ಮುಗಿಯೂತನ ಯಾರಿಗೂ ಹೇಳ್ಲಿಲ್ಲ. ಹಬ್ಬದ ಅರಿವಿ ತಡ ಆದ್ರ ಮಂದಿ ಬಿಡ್ತಾರೇನು? ಹಬ್ಬ ಆದ ಮರುದಿನ ಮೆಟ್ಟಲ ಹತ್ತಲಿಕ್ಕ ಉಸರ ಸಾಲಲಿಲ್ಲ, ಅಲ್ಲೇ ಕುಂತುಬಿಟ್ಟೆ.

ಭಾಲ್ಕಿ ಡಾಕ್ಟರು ರಕ್ತದ ರಿಪೋರ್ಟ್ ನೋಡಿ ನನ್ನ ಜೋಡಿ ಮಾತಾಡ್ಲಿಲ್ಲ, ನಮ್ಮ ಮನಿಯವರನ್ನ ಒಳಗ ಕರದ್ರು. ಅವತ್ತೇ ಬೀದರಕ್ಕ ಹೋಗ್ರಿ ಅಂದ್ರು. ಬೀದರದ ದವಾಖಾನಿಯಾಗ ಉದ್ದನ್ನ ಪಡಸಾಲಿ, ಗೋಡಿಗೆ ಸಿಮೆಂಟಿನ ಕಟ್ಟಿ. ಅಲ್ಲಿ ಮುಂಜಾನಿಂದ ಮಧ್ಯಾಹ್ನತನ ಕುಂತೆವು. ಬಾಜೂ ಕುಂತಾಕಿ ಸಜ್ಜಿರೊಟ್ಟಿ ಗಂಟು ಬಿಚ್ಚಿ ಅರ್ಧ ನನಗ ಕೊಟ್ಟಳು, ಹೆಸರೂ ಕೇಳ್ಲಿಲ್ಲ. ಇವತ್ತಿಗೂ ಆಕಿ ಮಾರಿ ನೆನಪದ. ಡಾಕ್ಟರ್ ಬಾಯಿ, ಅಂದ್ರ ಡಾಕ್ಟರಮ್ಮ, ಸಣ್ಣ ವಯಸ್ಸಿನಾಕಿ, ಛಲೋ ಮಾತಿನಾಕಿ. ಎರಡೂ ಕಿಡ್ನಿ ಒಣಗ್ಯಾವ, ಕುಡದ ನೀರು ಹೊರಗ ಹೋಗಂಗಿಲ್ಲ, ದಿನಕ್ಕ ಅರ್ಧ ಲೀಟರಿಗಿಂತ ಹೆಚ್ಚು ಕುಡೀಬ್ಯಾಡ್ರಿ ಅಂದಳು.

ನಮ್ಮ ಮನಿಯವರು ಬಸ್ ಡಿಪೋದಾಗ ಮೆಕ್ಯಾನಿಕ್. ಏನು ಕೆಟ್ರೂ ರಿಪೇರಿ ಅದ ಅಂತ ನಂಬಿದ ಮನಷ್ಯಾ. "ಗುಳಿಗಿ ಎಷ್ಟು ದಿನ ತಗೋಬೇಕ್ರಿ ಮೇಡಂ?" ಅಂತ ಕೇಳಿದ್ರು.

"ಇದು ಗುಳಿಗಿ ಮಾತಲ್ರಿ. ವಾರಕ್ಕ ಮೂರು ಸಲ ಮಷೀನು. ಡಯಾಲಿಸಿಸ್."

"ಎಷ್ಟು ದಿನ್ರಿ?"

"ಅವರು ಇರೂತನ."

ಇವರು ತಲಿ ಅಲ್ಲಾಡಿಸಿದ್ರು. ಹೊರಗ ಬಂದು ಕಟ್ಟಿ ಮ್ಯಾಲ ಕುಂತು ತಮ್ಮ ಎರಡೂ ಅಂಗೈ ನೋಡ್ಕೋತ ಕುಂತ್ರು. ನಾ ಅಳಲಿಲ್ಲ. ಅಳು ಬಂದದ್ದು ಮನಿಗೆ ಬಂದ ಮ್ಯಾಲ, ಆಗ ಹತ್ತನೇತ್ತಾ ಓದ್ತಿದ್ದ ನನ್ನ ಮಗಳು ಕೃಪಾ "ಮಮ್ಮಿ, ಚಾ ಮಾಡ್ಲ್ಯಾ?" ಅಂತ ಕೇಳಿದಾಗ. ಬರೀ ಚಾಕ್ಕ ಅತ್ತೆ.

ಹೈದರಾಬಾದಿಗೆ ಹೋಗಿ, ಮಷೀನಿನ ಸೂಜಿ ಚುಚ್ಚಲಿಕ್ಕ ಎಡಗೈಯಾಗ ನರ ಕೂಡಿಸಿಕೊಂಡು ಬಂದೆ. ಆ ಕೈಯಿಂದ ಕೊಡ ಎತ್ತೂ ಹಂಗಿಲ್ಲ, ಬಳಿ ಇಟ್ಟುಕೊಳ್ಳೂ ಹಂಗಿಲ್ಲ. ಬೆರಳಿಟ್ರ ಒಳಗ ಝುಂ ಅಂತದ. ಸೋಮವಾರ, ಬುಧವಾರ, ಶುಕ್ರವಾರ ಮೊದಲ ಬಸ್ಸಿಗೆ ಬೀದರಕ್ಕ. ತೂಕ ನೋಡ್ತಾರ, ಎಷ್ಟು ನೀರು ಮೈಯಾಗ ನಿಂತದ ಅಂತ ಹೇಳ್ತಾರ. ಸೂಜಿ ಅಂದ್ರ ನಾ ಹೊಲಿಯೂ ಸೂಜಿ ಅಲ್ಲ, ದಬ್ಬಣ. ಆಮ್ಯಾಲ ನಾಕು ತಾಸು ಮಲಗೂದು, ರಕ್ತ ಹೊರಗ ಹೋಗಿ ತೊಳಕೊಂಡು ಬರ್ತದ. ನೋಡಲಿಕ್ಕಂತೂ ಆಗೂದಿಲ್ಲ. ಮೊದಲ ತಿಂಗಳು ನಾ ಸೀರಿ ಸೆರಗು ಮಾರಿ ಮ್ಯಾಲ ಹಾಕ್ಕೊಂಡನ ಮಲಗಿದೆ.

ಬಾಜೂ ಹಾಸಿಗಿ ಮ್ಯಾಲ ಬಾಬುರಾವ ಗುರೂಜಿ. ಔರಾದದವರು, ಪ್ರಾಥಮಿಕ ಸಾಲಿಯಾಗ ಗಣಿತ ಕಲಿಸಿ ರಿಟೈರ್ ಆದವರು, ಬೌದ್ಧರು. ನನಗಿಂತ ಒಂದು ವರ್ಷ ಮೊದಲೇ ಮಷೀನಿಗೆ ಬಂದವರು. ನಮ್ಮ ತವರು ಠಾಣಾ ಕುಶನೂರ ಅಂತ ಗೊತ್ತಾಗೂದ ತಡ, "ಅರೆ, ನಮ್ಮ ಔರಾದ ತಾಲೂಕಿನ ಮಗಳು!" ಅಂದ್ರು. ಸೆರಗಿನ ಒಳಗ ನಾ ಸಣ್ಣ ಪುಸ್ತಕ ಹಿಡ್ಕೊಂಡು ಓದೂದು ನೋಡಿ ಒಂದಿನ ಕೇಳಿದ್ರು, "ಏನ್ರಿ ಬಾಯಿ ಅದು, ದಿನಾ ಅದೇ ಪಾನ ತೆರೀತೀರಿ?"

ಖರೆ ಅಂದ್ರ ನಾ ಓದ್ತಿದ್ದದ್ದು ನಮ್ಮ ಬೈಬಲಿನ ಕಡೀ ಪುಟ ಒಂದ. ಅಲ್ಲಿ ಸ್ವರ್ಗದ ಊರಿನ ದರ್ಶನ ಅದ. ಮೊದಲೆಲ್ಲಾ ಆ ಬಂಗಾರದ ಬೀದಿ, ರತ್ನದ ಗೋಡಿ ಕೇಳಿ ನನಗ ಸರಾಫ ಬಜಾರ ನೆನಪಾಗ್ತಿತ್ತು, ಅಷ್ಟ. ಈಗ ಕಣ್ಣಿಗೆ ಬಿದ್ದದ್ದು ಹೊಳಿ. ದೇವರ ಸಿಂಹಾಸನದ ಬುಡದಿಂದ ಒಂದು ಹೊಳಿ ಹೊರಡ್ತದಂತ, ನೀರು ತಿಳಿ ಅಂದ್ರ ತಿಳಿ. ಎರಡೂ ದಂಡಿಗೆ ಗಿಡ, ತಿಂಗಳಾ ತಿಂಗಳಾ ಹಣ್ಣು. ಬಾಯಾರಿದವರು ಯಾರರೆ ಇರಲಿ, ಬಂದು ಪುಕಟ ಕುಡೀಬಹುದಂತ. ಅದನ್ನ ಓದಿದ್ರ ನನ್ನ ಗಂಟಲು ತಾನ ನುಂಗ್ತಿತ್ತು.

ಗುರೂಜಿಗೆ ಹೇಳಿದೆ. ಅವರು ನಗಲಿಕ್ಕ ಸುರು ಮಾಡಿದ್ರು. "ಎಷ್ಟು ದೊಡ್ಡ ಹೊಳಿರಿ? ನಮ್ಮ ಮಾಂಜ್ರಾದಷ್ಟು?"

"ಊರಿನ ಅಳತಿ ಬರ್ದದ, ಹೊಳಿದು ಬರ್ದಿಲ್ರಿ."

"ಊರಿನ ಅಳತಿ ಬರದು ಹೊಳಿ ಅಳತಿ ಬಿಟ್ಟಾರ? ಗಣಿತ ಕಚ್ಚಾ ಅದ ನಿಮ್ಮವರದು. ಮತ್ತ ನಮಗ ಕೂಡದ ಪೊಟ್ಯಾಸಿಯಂ ಆ ಹಣ್ಣಿನಾಗ ಎಷ್ಟು?"

ನಗು ತಡೀಲಿಕ್ಕಾಗದ ನನ್ನ ಕೈ ಅಲ್ಲಾಡಿ ಮಷೀನು ಟೀ ಟೀ ಅಂತ ಒದರ್ತು. ಸಿಸ್ಟರ್ ಓಡಿ ಬಂದು ಇಬ್ಬರಿಗೂ ಬೈದಳು. ಅವತ್ತಿಂದ ನಮಗ ಅದೊಂದು ಆಟ. ಸೂಜಿ ಚುಚ್ಚಿದ ಕೂಡ್ಲೆ ಗುರೂಜಿ, "ಬಾಯಿ, ಇವತ್ತು ಹೊಳಿಗೆ ನೀರು ಬಂದದೇನು?" ಅಂತ ಕೇಳವರು. "ನಾ ಅದನ್ನೆಲ್ಲಾ ನಂಬೂದಿಲ್ಲ ನೋಡ್ರಿ, ಸತ್ತರ ಸತ್ತಂಗ" ಅನ್ನವರು. "ನಮ್ಮ ಬುದ್ಧ ಆಸಿ ಬಿಡು ಅಂದ. ನಿಮ್ಮ ಯೇಸು ಬಾ, ಕುಡಿ ಅಂತಾನ. ಈ ಬ್ಯಾಸಗಿಯಾಗ ನನಗ ನಿಮ್ಮಂವನ ಛಲೋ ಕಾಣ್ತಾನ." ನಂಬೂದಿಲ್ಲ ಅಂದ್ರೂ ಕೇಳೂದು ಬಿಡ್ಲಿಲ್ಲ. ನಾಕು ತಾಸು ಹಂಗ ಸರೀತಿದ್ವು.

ನೀವು ಈಗ ಯಾವುದರೆ ದವಾಖಾನಿ ಕಟ್ಟಿ ಮ್ಯಾಲ ಕುಂತು ಇದನ್ನ ಓದ್ಲಿಕ್ಕತ್ತಿದ್ರ ಒಂದು ಮಾತು. ಬಾಜೂದವರ ಜೋಡಿ ಮಾತಾಡ್ರಿ. ರೋಗ ಹೋಗಂಗಿಲ್ಲ. ಆದ್ರ ತಾಸು ಹೋಗ್ತಾವ.

ಹೋದ ವರ್ಷ ಬ್ಯಾಸಗಿಯಾಗ ನನ್ನ ಮೈ ಭಾಳ ಸೋತಿತು. ನಮ್ಮ ಚರ್ಚಿನ ಹೆಂಗಸರು ನನ್ನ ಸಲುವಾಗಿ ಉಪವಾಸ ಪ್ರಾರ್ಥನಾ ಇಟ್ಟುಕೊಂಡ್ರು, ನಮ್ಮ ಮನಿಯಾಗನ. ಮುಂಜಾನಿಂದ ಹೊತ್ತು ಮುಳುಗೂತನ ಅನ್ನ ಇಲ್ಲ ನೀರಿಲ್ಲ, ಮೊಳಕಾಲೂರಿ ಪ್ರಾರ್ಥನಾ. ಶುಕ್ರವಾರನ ಆಗಬೇಕು ಅಂದ್ರು. ನಮ್ಮ ಯೇಸು ಪ್ರಾಣ ಕೊಟ್ಟ ವಾರ ಅದು. ಶುಕ್ರವಾರ ನನ್ನ ಮಷೀನಿನ ದಿನ. "ಒಂದಿನ ಬಿಟ್ರ ಏನಾಗ್ತದವ್ವಾ, ದೇವರ ಕೆಲಸಕ್ಕ" ಅಂದ್ರು ನಮ್ಮ ಪಾಸ್ಟರಮ್ಮ. ನಾ ಅವತ್ತು ಮಷೀನಿಗೆ ಹೋಗ್ಲಿಲ್ಲ. ಹದಿನೆಂಟು ಮಂದಿ ಹೆಂಗಸರು, ಮುದುಕೇರು ಸೈತ, ಆ ಬಿಸಲಾಗ ನನ್ನ ಕಿಡ್ನಿ ಸಲುವಾಗಿ ಒಂದು ಹನಿ ನೀರು ಮುಟ್ಟಲಾರದ ಕುಂತಿದ್ರು. ಬಾಡಿದ ಮಾರಿ ನೋಡಿದ್ರ ನನಗ ಅನಸ್ತು, ಇಷ್ಟು ಮಂದಿ ನನ್ನಂಗ ಬಾಯಾರ್ಯಾರ, ಇವತ್ತರೆ ನಾ ಒಬ್ಬಾಕಿ ಅಲ್ಲ.

ಸಂಜಿಕ ಉಪವಾಸ ಬಿಡೂದು ನಮ್ಮಲ್ಲಿ ಎಳನೀರು, ಬಾಳಿಹಣ್ಣು, ಖಜೂರದಿಂದ. ಪಾಸ್ಟರಮ್ಮ ಎಳನೀರಿನ ಗ್ಲಾಸಿನ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿ ಮೊದಲ ನನಗ ಕೊಟ್ರು. "ವಿಶ್ವಾಸ ಇಟ್ಟು ಕುಡಿ. ಬರೂ ಐತವಾರ ಚರ್ಚಿನಾಗ ನಿಂತು ಗುಣ ಆದ ಸಾಕ್ಷಿ ಹೇಳಾಕಿ ನೀ."

ಎಳನೀರು, ಬಾಳಿಹಣ್ಣು ನನ್ನಂಥವರಿಗೆ ವಿಷ, ಅದರಾಗಿನ ಪೊಟ್ಯಾಸಿಯಂ ಎದಿ ನಿಲ್ಲಸ್ತದ. ಡಾಕ್ಟರ್ ಬಾಯಿ ಕಾಗದದ ಮ್ಯಾಲ ಬರದು ಕೊಟ್ಟಿದ್ಲು. ನನಗ ಗೊತ್ತಿತ್ತು, ಸುಳ್ಳು ಯಾಕ ಹೇಳ್ಲಿ? ಆದ್ರ ಗ್ಲಾಸು ತುಟಿಗೆ ಬಂದ ಮ್ಯಾಲ ವಿಶ್ವಾಸ ಎಷ್ಟು, ಬಾಯಾರಿಕಿ ಎಷ್ಟು, ನಾ ಹೇಳಲಾರೆ. ಮೂರು ಗ್ಲಾಸು ಕುಡದೆ. ಎರಡು ಬಾಳಿಹಣ್ಣು ತಿಂದೆ. ಹೆಂಗಸರೆಲ್ಲಾ ಸ್ತೋತ್ರ, ಸ್ತೋತ್ರ ಅಂದ್ರು. ಎರಡು ವರ್ಷದಾಗ ಅಷ್ಟು ಸುಖ ನಾ ಕಂಡಿರಲಿಲ್ಲ.

ಮರುದಿನ ಮುಂಜಾನಿ ಏಳಬೇಕಂದ್ರ ಕಾಲು ನನ್ನ ಮಾತು ಕೇಳ್ಲಿಲ್ಲ. ಎದಿ ಒಮ್ಮಿ ಬಡೀತು, ಮತ್ತ ನಿಂತಂಗಾತು. ಇವರು ಜೀಪ್ ತಂದು ಬೀದರಕ್ಕ ಒಯ್ದ್ರು. ಡಾಕ್ಟರ್ ಬಾಯಿ ಮೊದಲನೇ ಸಲ ನನ್ನ ಮ್ಯಾಲ ಚೀರಿದಳು, "ಸಾಯಬೇಕಂತ ಮಾಡೀರೇನು?" ಹೊರಗ ಪಾಸ್ಟರಮ್ಮ ಗೋಡಿಗೆ ಹಣಿ ಹಚ್ಚಿ ಅಳ್ಲಿಕ್ಕತ್ತಿದ್ರಂತ. ಆಕಿಗೆ ಏನಂತ ಬೈಲಿ? ಬೈಲಿಕ್ಕೂ ಯಾರೂ ಇರಲಿಲ್ಲ ನನಗ, ಅದ ದೊಡ್ಡ ತಕಲೀಫು.

ಉಳದೆ. ಆದ್ರ ಒಳಗ ಏನೋ ಕಡದು ಬಿತ್ತು. ಹದಿನೆಂಟು ಮಂದಿ ಉಪವಾಸ ಇದ್ದು ಬೇಡಿದ್ರೂ ಇಷ್ಟ ಏನು? ಸೋಮವಾರ ಮಷೀನಿನ ಮ್ಯಾಲ ಗುರೂಜಿ ಎಂದಿನಂಗ "ಹೊಳಿಗೆ ನೀರು ಬಂದದೇನು?" ಅಂದಾಗ ನನಗ ನಗು ಬರ್ಲಿಲ್ಲ.

"ಸಾಕ್ರಿ ಗುರೂಜಿ. ಈ ಸೂಜಿ, ಈ ಬಸ್ಸು, ಈ ಅರ್ಧ ಲೀಟರು. ನಾ ಬುಧವಾರ ಬರಂಗಿಲ್ಲ. ಆ ಹೊಳಿಗೆ ಹೋಗಿಬಿಡ್ತೇನಿ" ಅಂದೆ.

ಅಂದು ಸುಮ್ಮನಿರ್ಲಿಲ್ಲ. ಆ ಊರಾಗ ಕಣ್ಣೀರಿಲ್ಲ ಅಂದೆ, ದೇವರು ತಾನ ಕೈಯಿಂದ ವರಸ್ತಾನ ಅಂದೆ. ನೋವಿಲ್ಲ, ಸಾವಿಲ್ಲ, ಬಿಸಲ ಬಡಿಯಂಗಿಲ್ಲ. ಹೊಳಿ ದಂಡಿಗೆ ಬಗ್ಗಿ ಎರಡೂ ಕೈ ಬೊಗಸಿ ಮಾಡಿ ಕುಡದ್ರ ಯಾರೂ ಬ್ಯಾಡ ಅನ್ನಂಗಿಲ್ಲ, ತೂಕ ನೋಡಂಗಿಲ್ಲ. ಪುಸ್ತಕದಾಗ ಇಲ್ಲದ್ದೂ ಹೇಳಿದೆ. ನೀರು ಹ್ಯಾಂಗ ತಣ್ಣಗ ಗಂಟಲಾಗ ಇಳೀತದ, ಹ್ಯಾಂಗ ಮೊಳಕೈತನ ಸೋರ್ತದ, ಎಲ್ಲಾ. ಗುರೂಜಿ ಅವತ್ತು ಚಾಷ್ಟಿ ಮಾಡ್ಲಿಲ್ಲ. ಕಣ್ಣು ಮುಚ್ಚಿದ್ರು. "ಇನ್ನೊಮ್ಮಿ ಹೇಳು" ಅಂದ್ರು. ಹೇಳಿದೆ. ನನ್ನ ದುಃಖದಾಗ ನನಗ ಮತ್ತೊಬ್ಬರ ಕಿವಿ ಅದ ಅನ್ನೂದ ನೆನಪಿರಲಿಲ್ಲ.

ಮನಿಗೆ ಬಂದು ಇವರಿಗೂ ಅದೇ ಮಾತು ಹೇಳಿದೆ, ನನ್ನ ಬಿಟ್ಟುಬಿಡ್ರಿ ಅಂತ. ಇವರು ಬಂದು ನನ್ನ ಮುಂದ ಕುಂತ್ರು. ಆಮ್ಯಾಲ, "ಅಲ್ಲಿ ಹೋದ್ರ ನಿನಗ ನೀರು ಸಿಗ್ತದ. ಇಲ್ಲಿ ನನಗ ಮತ್ತ ಕೃಪಾಗ ಯಾರು ಸಿಗ್ತಾರ?" ಅಂದ್ರು. ಸಿಟ್ಟಿಲೆ ಅಂದದ್ದಲ್ಲ, ಖರೆನ ಕೇಳಿದ್ರು. ಆಗ ಅತ್ತಿ ಅಡಗಿ ಮನಿಂದ ಹೇಳಿದಳು, ಎರಡು ವರ್ಷಾತು ಈ ಮನಷ್ಯಾ ಮನಿಯಾಗ ನೀರು ಕುಡದಿಲ್ಲ, ನಿನಗ ಕಾಣಬಾರದು ಅಂತ ಬಾಜೂ ಮನಿಗೆ ಹೋಗಿ ಕುಡದು ಬರ್ತಾನ ಅಂತ. ನನಗ ಗೊತ್ತ ಇರಲಿಲ್ಲ. ಬುಧವಾರ ಮೊದಲ ಬಸ್ಸಿಗೆ ಹೋದೆ. ಧೈರ್ಯ ಬಂತು ಅಂತಲ್ಲ. ಇವರಿಗೆ ಎದುರು ಮಾತಾಡ್ಲಿಕ್ಕ ಆಗ್ಲಿಲ್ಲ.

ಗುರೂಜಿ ಹಾಸಿಗಿ ಖಾಲಿ ಇತ್ತು. ಶುಕ್ರವಾರ ಅದರ ಮ್ಯಾಲ ಬ್ಯಾರೆ ಯಾರೋ ಮಲಗಿದ್ರು. "ಗುರೂಜಿ ಇನ್ನ ಬರಂಗಿಲ್ಲಂತ್ರಿ, ಫೋನ್ ಮಾಡಿದ್ರು" ಅಂದಳು ಸಿಸ್ಟರ್, ಪಟ್ಟಿ ಸುತ್ಕೋತ.

ಬಿಡ್ತೇನಿ ಅಂದಾಕಿ ಬಂದು ಮಲಗೀನಿ. ಕೇಳಿದವರು ಬರ್ಲಿಲ್ಲ.

ಶನಿವಾರ ನಾ ಒಬ್ಬಾಕಿನ ಔರಾದ ಬಸ್ಸು ಹಿಡದೆ. ಬಸ್ಸು ಠಾಣಾ ಕುಶನೂರದಾಗ ನಿಂತಾಗ ತವರಿನ ಮಂದಿ ಕಂಡಾರು ಅಂತ ಮಾರಿ ಆ ಕಡೆ ತಿರುವಿದೆ. ಗುರೂಜಿ ಮನಿ ಹುಡುಕಿದೆ. ಅವರ ಹೆಂಡ್ತಿ ಸಖೂಬಾಯಿ ಬಾಗಲಾಗನ ನಿಂತಿದ್ರು. ಮರಾಠಿ, ಕನ್ನಡ ಕೂಡಿಸಿ ಮಾತಾಡೂ ಹೆಂಗಸು.

"ಭಾಲ್ಕಿ ಕ್ರಿಸ್ತಾನ ಬಾಯಿ ನೀವೇನ್ರಿ? ಹೊಳಿ ಕಥಿ ಹೇಳಿದಾಕಿ?"

ನಾ ಹೂಂ ಅಂದೆ.

"ಮೂರು ವರ್ಷ ನಾ ಕೈ ಹಿಡದು ಬಸ್ಸು ಹತ್ತಿಸೀನಿ. ಒಂದಿನ ತಪ್ಪಿಸಿಲ್ಲ. ಸೋಮವಾರ ನಿಮ್ಮ ಮಾತು ಕೇಳಿ ಬಂದು, ಸಖೂ, ಇನ್ನ ಸಾಕು ಅಂದ್ರು. ಏನು ಕೊಟ್ರಿ ನೀವು ನಮಗ? ಏನು ಕೊಟ್ರಿ?"

ನೆಲ ಬಾಯಿ ಬಿಡಬಾರದೇನು ಅನಸ್ತು. ನನಗ ಆಸರ ಆದದ್ದನ್ನ ನಾ ಇನ್ನೊಬ್ಬರ ಎದಿ ಮ್ಯಾಲ ಹೇರಿ ಬಂದಿದ್ದೆ.

ಒಳಗ ಗುರೂಜಿ ದಿಂಬಿಗೆ ಒರಗಿ ಕುಂತಿದ್ರು, ಮಲಗಿದ್ರ ಉಸರ ಆಡ್ತಿರಲಿಲ್ಲ. ಗೋಡಿ ಮ್ಯಾಲ ಬುದ್ಧನ ಫೋಟೊ. ಬಾಜೂಕ ತುಂಬಿದ ತಂಬಿಗಿ ನೀರು. ಈಗ ಅವರಿಗೆ ಅಳತಿ ಇಲ್ಲ, ಆದ್ರ ನುಂಗಲಿಕ್ಕ ಆಗೂದಿಲ್ಲ. ನಾ ಅವರ ಕಾಲ ಹತ್ರ ಕುಂತು ಅತ್ತೆ. "ಬರ್ರಿ ಗುರೂಜಿ, ನಾ ಜೀಪ್ ತರಸ್ತೇನಿ. ನಾ ಹುಚ್ಚಿ, ದುಃಖದಾಗ ಏನೋ ಅಂದೆ. ಇವತ್ತ ಆ ಹೊಳಿಗೆ ಹೋಗ್ರಿ ಅಂತ ನಾ ಹೇಳಿದ್ದಲ್ರಿ."

"ನೀ ಹೇಳಿದ್ದಕ್ಕ ಬಿಟ್ಟಿಲ್ಲ ಮಗಳ," ಅಂದ್ರು. ಒಂದೊಂದು ಮಾತಿಗೆ ನಿಂತು ನಿಂತು. "ಮೊದ್ಲನ ಸಾಕಾಗಿತ್ತು. ಅಂಜಿಕಿ ಇತ್ತು, ಅದಕ್ಕ ಬರ್ತಿದ್ದೆ. ಸೋಮವಾರ ಅಂಜಿಕಿ ಹೋತು, ಅಷ್ಟ."

ಅದು ನನ್ನ ಸಮಾಧಾನಕ್ಕ ಅಂದ ಮಾತೋ, ಖರೆನೋ, ಇವತ್ತಿನತನ ನನಗ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಕಣ್ಣು ತೆರದು ಕೇಳಿದ್ರು, "ನಾ ನಿಮ್ಮಂವ ಅಲ್ಲ. ನನಗ ಒಳಗ ಬಿಡ್ತಾರೇನು?"

ಚರ್ಚಿನಾಗ ನನಗ ಏನು ಕಲಿಸ್ಯಾರ ಅಂತ ನನಗ ಗೊತ್ತು. ಎದುರಿಗೆ ಏನು ಕುಂತದ ಅಂತನೂ ಗೊತ್ತು. "ಆ ಊರಿಗೆ ಹನ್ನೆರಡು ಅಗಸಿ ಬಾಗಲ ಅವ ಅಂತ ಬರ್ದದ ಗುರೂಜಿ. ಒಂದೂ ಮುಚ್ಚಂಗಿಲ್ಲ ಅಂತನೂ ಬರ್ದದ. ನನಗ ಗೊತ್ತಿದ್ದದ್ದು ಇಷ್ಟ."

"ಹನ್ನೆರಡು..." ಅಂದ್ರು. ಗಣಿತ ಕಲಿಸಿದ ಮನಷ್ಯಾ, ಬೆರಳ ಮ್ಯಾಲ ಎಣಿಸಿದಂಗ ಮಾಡಿದ್ರು. ನಾ ಹತ್ತಿ ತೋಯಿಸಿ ಅವರ ತುಟಿ ಒದ್ದಿ ಮಾಡಿದೆ. ನನ್ನ ತುಟಿನೂ ಒಣಗಿತ್ತು. ಆ ಒಂದು ತಂಬಿಗಿ ನಡುವ ಇಟ್ಟುಕೊಂಡು ಇಬ್ಬರೂ ಕುಂತಿದ್ದೆವು, ಕುಡಿಯೂ ಹಂಗಿಲ್ಲದಾಕಿ ಒಬ್ಬಾಕಿ, ಕುಡೀಲಿಕ್ಕ ಆಗದವರು ಒಬ್ಬರು.

ಹೊರಡೂ ಮುಂದ ಸಖೂಬಾಯಿ ಒಂದು ಸಣ್ಣ ವಾಟಿ ತಂದ್ರು. ತಳದಾಗ ಎರಡು ಗುಟುಕು ನೀರು, ಹೆಚ್ಚಿಲ್ಲ ಕಡಿಮಿ ಇಲ್ಲ. ಮೂರು ವರ್ಷ ಗಂಡಗ ಅಳದು ಕೊಟ್ಟ ಕೈ ಅದು. ಸಿಟ್ಟು ಮಾರಿ ಮ್ಯಾಲ ಹಂಗ ಇತ್ತು.

"ಸೋಮವಾರ ಮಷೀನಿಗೆ ಹೋಗ್ತೀಯಿಲ್ಲ?" ಅಂತ ಕೇಳಿದ್ರು.

"ಹೋಗ್ತೇನ್ರಿ."

"ಹೋಗು. ನಿನ್ನ ಹೊಳಿ ಎಲ್ಲೂ ಹೋಗಂಗಿಲ್ಲ."

ನಾ ಎರಡೂ ಗುಟುಕು ಕುಡದೆ.

ಸೋಮವಾರ ಸಿಸ್ಟರ್ ಸೂಜಿ ಚುಚ್ಚಿ ಮಷೀನು ಸುರು ಮಾಡಿದ ಮ್ಯಾಲ ನನ್ನ ಫೋನ್ ಬಡೀತು, ಗುರೂಜಿ ನಂಬರಿನಿಂದ. ಸಖೂಬಾಯಿ. ಅವರ ಹಿಂದ ಹೆಂಗಸರು ಅಳೂ ಸಪ್ಪಳ ಕೇಳ್ತಿತ್ತು, ಏನು ಸುದ್ದಿ ಅಂತ ನನಗ ಆಗಲೇ ತಿಳೀತು. ಆದ್ರ ಅವರು ಅದನ್ನ ಹೇಳ್ಲಿಲ್ಲ.

"ಮಷೀನಿನ ಮ್ಯಾಲ ಇದ್ದೀಯೇನು?" ಅಂದ್ರು.

"ಇದ್ದೀನ್ರಿ ಬಾಯಿ."

"ಸೂಜಿ ಚುಚ್ಚ್ಯಾರ?"

"ಚುಚ್ಚ್ಯಾರ್ರಿ."

"ಹಾಂ," ಅಂತ ಉಸರ ಬಿಟ್ರು. "ಹಂಗಾದ್ರ ಈಗ ಹೇಳ್ತೇನಿ, ಕೇಳು."